ಚೆಕ್ಕಿನ ಬೆನ್ನು

ಫೆಬ್ರವರಿ ೯, ಸೋಮವಾರ

ಇವತ್ತೂ ಒಂದು ಚೆಕ್ಕು ಬಂತು. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಹೆಂಗಸು ಲಕೋಟೆಯನ್ನು ಬಾಗಿಲಲ್ಲೇ ಕೊಟ್ಟು, ಪರದೆಗಳು ಚೆನ್ನಾಗಿ ಬಂದಿವೆಯೆಂದು ಸಾಹೇಬರಿಗೆ ಹೇಳಬೇಕಂತೆ ಎಂದಳು. ಸಾಹೇಬರು ಅಂದರೆ ಇವರು. ಹೇಳುತ್ತೇನೆ ಎಂದೆ. ಎಲ್ಲಿಗೆ ಹೋಗಿ ಹೇಳಲಿ?

ಇವರು ಹೋಗಿ ಮೂರನೇ ವಾರ ನಡೆಯುತ್ತಿದೆ. ಒಂದು ವಾರ ಎಂದು ಹೋದವರು. ಹಳೆಯ ಸ್ನೇಹಿತರೊಬ್ಬರು ಬೇರೆ ಊರಲ್ಲಿ ಮೇಜು ಕುರ್ಚಿ ಸೋಫಾಗಳ ಮಳಿಗೆ ತೆರೆಯುತ್ತಿದ್ದಾರೆ, ಪಾಲುದಾರನಾಗು ಎಂದು ಕರೆದಿದ್ದಾರೆ, ನೋಡಿಕೊಂಡು ಬರುತ್ತೇನೆ ಎಂದರು. ಮೊದಮೊದಲು ಫೋನು ಮಾಡಿದರು. ಆಮೇಲೆ ನಾನೇ ಮಾಡಬೇಕಾಯಿತು. ಈಗ ನಾನು ಮಾಡಿದರೂ ಎತ್ತುವುದಿಲ್ಲ.

ಮನೆಯ ಮುಂದಿನ ಕೋಣೆಯೇ ಇವರ ಅಂಗಡಿ. ಕತ್ತರಿಸುವ ದೊಡ್ಡ ಮೇಜು, ಎರಡು ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಬಟ್ಟೆಯ ಥಾನುಗಳು. ಯಂತ್ರದ ಮುಂದೆ ನಾನು. ಕಿಟಕಿಯ ಪಕ್ಕ ಅತ್ತೆ ಕೂತು ಅಂಚು ಮಡಚಿ ಕೈಹೊಲಿಗೆ ಹಾಕುತ್ತಾರೆ, ಕೊಕ್ಕೆ ಕೂರಿಸುತ್ತಾರೆ. ಇವರದ್ದು ಹೊರಗಿನ ಕೆಲಸ: ಗಿರಾಕಿಗಳ ಮನೆಗೆ ಹೋಗಿ ಕಿಟಕಿ ಅಳೆಯುವುದು, ಮಾತಾಡುವುದು, ಏಣಿ ಹತ್ತಿ ಪರದೆ ತೂಗುಹಾಕುವುದು. ಹಾಗಾಗಿ ಚೆಕ್ಕುಗಳೆಲ್ಲ ಇವರ ಹೆಸರಿಗೇ. ಶುಕ್ರವಾರ ಊಟವಾದ ಮೇಲೆ ಇವರು ಕನ್ನಡಕ ಏರಿಸಿಕೊಂಡು, ಒಂದೊಂದನ್ನೇ ಬೋರಲು ಹಾಕಿ, ಬೆನ್ನಿಗೆ ಸಹಿ ಮಾಡಿ, ನಮ್ಮಿಬ್ಬರ ಜಂಟಿ ಖಾತೆಯ ನಂಬರು ಬರೆದು ಬ್ಯಾಂಕಿಗೆ ಹೋಗುವುದು ವಾಡಿಕೆ. ಬೆನ್ನಿಗೆ ಆ ಸಹಿಯಿಲ್ಲದೆ ಬ್ಯಾಂಕಿನವರು ಚೆಕ್ಕು ಮುಟ್ಟುವುದಿಲ್ಲ.

ಈಗ ಅವು ಗುಂಡಿಯ ಡಬ್ಬಿಯಲ್ಲಿ ಒಂದರ ಮೇಲೊಂದು ಅಂಗಾತ ಮಲಗಿವೆ.

ಯಂತ್ರದ ಮುಂದೆ ಕೂತರೆ ಎದ್ದು ಹೋಗಿ ಗೇಟು ನೋಡಬೇಕು ಅನ್ನಿಸುತ್ತದೆ. ನೋಡಿ ಬಂದು ಕೂತರೆ ನೂಲು ತುಂಡಾಗುತ್ತದೆ. ನೂಲು ಪೋಣಿಸುವಷ್ಟರಲ್ಲಿ ಹೊರಗೆ ಸ್ಕೂಟರಿನ ಸದ್ದು. ಎದುರುಮನೆಯವರದ್ದು. ನಮ್ಮ ಬೀದಿಯಲ್ಲಿ ಇಷ್ಟೊಂದು ಸ್ಕೂಟರುಗಳಿವೆಯೆಂದು ಈ ತಿಂಗಳಷ್ಟೇ ಗೊತ್ತಾಯಿತು.

ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಅತ್ತೆಗೆ ಹೇಳಿದರೆ ಅವರ ಮಗನ ಮೇಲೆ ಅವರಿಗೇ ಚಾಡಿ ಹೇಳಿದ ಹಾಗಾಗುತ್ತದೆ. ತಂಗಿಗೆ ಹೇಳಿದರೆ ಊರಿಗೇ ಹೇಳಿದ ಹಾಗೆ.

ಫೆಬ್ರವರಿ ೧೨, ಗುರುವಾರ

ಯಾರಿಗೆ ಏನು ಹೇಳಿದೆ ಎಂಬುದನ್ನು ಬರೆದಿಟ್ಟುಕೊಳ್ಳದಿದ್ದರೆ ತಾಳೆಯಾಗುವುದಿಲ್ಲ. ಪರದೆ ಹಾಕಿಸಿಕೊಂಡ ಮೇಷ್ಟ್ರಿಗೆ: ಅಳತೆಗೆ ಹೋಗಿದ್ದಾರೆ. ಲಾಡ್ಜಿನ ಯಜಮಾನರಿಗೆ: ಬಟ್ಟೆ ತರಲು ಹೋಗಿದ್ದಾರೆ. ಎದುರುಮನೆಯಾಕೆಗೆ: ಜ್ವರ, ಮಲಗಿದ್ದಾರೆ. ಆಕೆ ನೋಡಿಕೊಂಡೇ ಹೋಗುತ್ತೇನೆಂದು ಚಪ್ಪಲಿ ಬಿಟ್ಟೇಬಿಟ್ಟರು. ಅಂಟುಜ್ವರ ಎಂದೆ. ಒಳಗಿನಿಂದ ಅತ್ತೆ ದಪ್ಪ ದನಿಯಲ್ಲಿ ಕೆಮ್ಮಿದರು. ಆಕೆ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಬಾಗಿಲು ಹಾಕಿದ ಮೇಲೆ ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಫೆಬ್ರವರಿ ೧೭, ಮಂಗಳವಾರ

ಇವರು ಫೋನು ಎತ್ತಿದರು. ಹಿಂದೆ ಮರ ಕೊಯ್ಯುವ ಸದ್ದು ಕೇಳುತ್ತಿತ್ತು. ಮಳಿಗೆಗೆ ಒಳ್ಳೆಯ ಜಾಗ ಸಿಕ್ಕಿದೆಯಂತೆ, ಗಾಜಿನ ಬಾಗಿಲು ಕೂರಿಸುತ್ತಿದ್ದಾರಂತೆ. ಕೂದಲು ಪೂರ್ತಿ ಬೆಳ್ಳಗಾಗುವ ಮೊದಲು ತಮ್ಮದು ಅನ್ನುವುದೊಂದನ್ನು ಮಾಡಬೇಕಂತೆ. ಹಾಗಾದರೆ ಈ ಅಂಗಡಿ ಯಾರದ್ದು ಎಂದು ನಾಲಿಗೆ ತುದಿಗೆ ಬಂತು. ನುಂಗಿಕೊಂಡು ಚೆಕ್ಕುಗಳ ವಿಷಯ ಎತ್ತಿದೆ.

"ಇಟ್ಟಿರು. ಬಂದಾಗ ಸಹಿ ಹಾಕ್ತೀನಿ."

"ಯಾವಾಗ ಬರ್ತೀರಾ?"

"ನನ್ನ ಸ್ವಲ್ಪ ದಿನ ನನ್ನ ಪಾಡಿಗೆ ಬಿಡು. ಅಷ್ಟೇ ಕೇಳ್ತಿರೋದು."

ಬಿಡು ಅಂದರೆ ಎಷ್ಟು ಬಿಡಬೇಕು? ಪರದೆಗಾದರೆ ಕೆಳಗೆ ಇಷ್ಟು ಬಿಡಬೇಕು, ಪಕ್ಕಕ್ಕೆ ಇಷ್ಟು ಬಿಡಬೇಕು ಎಂದು ಇರುತ್ತದೆ.

ಅತ್ತೆ ಕೇಳಿದ್ದು ಒಂದೇ: ಊಟ ಗೀಟ ಸರಿಯಾಗಿ ಮಾಡ್ತಿದಾನಂತಾ? ಮಾಡುತ್ತಿದ್ದಾರಂತೆ ಎಂದೆ. ಅದನ್ನು ನಾನು ಕೇಳಿಯೇ ಇರಲಿಲ್ಲ. ಆಮೇಲೆ ಇಡೀ ಮಧ್ಯಾಹ್ನ ಮನೆಯಲ್ಲಿ ಅಲ್ಲಿಂದಿಲ್ಲಿಗೆ ಓಡಾಡಿದೆ. ಒಂದು ಕೆಲಸವೂ ಮುಗಿಯಲಿಲ್ಲ. ಹಾಲು ಉಕ್ಕಿತು. ಅಸ್ತರಿನ ಬಟ್ಟೆಯನ್ನು ತಲೆಕೆಳಗಾಗಿ ಕೂಡಿಸಿ ಹೊಲಿದು ಎಲ್ಲ ಬಿಚ್ಚಬೇಕಾಯಿತು.

ಫೆಬ್ರವರಿ ೨೦, ಶುಕ್ರವಾರ

ಬಟ್ಟೆ ಅಂಗಡಿಯವರು ಹೇಳಿಕಳಿಸಿದ್ದಾರೆ: ಹಿಂದಿನದು ಕೊಟ್ಟರೆ ಮುಂದಿನದು. ಲಾಡ್ಜಿನ ಕೆಲಸ ಶುರುಮಾಡಲೇಬೇಕು. ಎಲ್ಲ ಕೋಣೆಗಳಿಗೂ ಪರದೆ, ಈ ಮನೆಗೆ ಬಂದ ಕೆಲಸಗಳಲ್ಲೇ ದೊಡ್ಡದು. ಇವರೇ ಹೋಗಿ ಅಳತೆ ತೆಗೆದು, ಮಾತು ಮುಗಿಸಿ ಇಟ್ಟಿದ್ದರು. ಬಟ್ಟೆಯಿಲ್ಲದೆ ಏನನ್ನು ಹೊಲಿಯಲಿ? ಡಬ್ಬಿಯಲ್ಲಿ ಚೆಕ್ಕುಗಳಿವೆ, ಆದರೆ ನಮಗೆ ಅವು ಬರೀ ಕಾಗದ.

ಊಟವಾದ ಮೇಲೆ ಇವರ ಕುರ್ಚಿಯಲ್ಲಿ ಕೂತೆ. ಕತ್ತರಿಸಲು ಮಾದರಿ ಬರೆಯುವ ಕಂದು ಕಾಗದ ಹರವಿಕೊಂಡು ಇವರ ಸಹಿಯನ್ನು ಬರೆದು ನೋಡಿದೆ. ಮೊದಲ ಅಕ್ಷರ ಕೊಡೆಯ ಹಿಡಿಯ ಹಾಗೆ ಬಗ್ಗುತ್ತದೆ, ನಡುವೆ ಏನೂ ಇಲ್ಲ, ಕೊನೆಯಲ್ಲಿ ಅಡಿಗೆರೆ ಹಿಂದಕ್ಕೆ ಓಡಿಬಂದು ಒಂದು ಚುಕ್ಕೆ. ಸಂಜೆಯ ಹೊತ್ತಿಗೆ ಬಂತು. ಗೆರೆ ತಪ್ಪದೆ ಹೊಲಿಯುವ ಕೈಗೆ ಇದು ಯಾವ ಮಹಾ. ಡಾಕ್ಟರಮ್ಮನ ಚೆಕ್ಕನ್ನು ಬೋರಲು ಹಾಕಿ ಬೆನ್ನಿಗೆ ಹಾಕಿಯೇಬಿಟ್ಟೆ.

ಅತ್ತೆ ನೋಡಿದರು. ಬಾಯಲ್ಲಿ ಸೂಜಿ ಇತ್ತು.

ಫೆಬ್ರವರಿ ೨೩, ಸೋಮವಾರ

ಇವತ್ತು ಆ ಚೆಕ್ಕು ಹಿಡಿದು ಬ್ಯಾಂಕಿಗೆ ಹೋಗಿದ್ದೆ.

ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಮೇಡಂ ನಮ್ಮನ್ನು ಬಹಳ ವರ್ಷದಿಂದ ಬಲ್ಲವರು. ಚೆಕ್ಕನ್ನು ತಿರುಗಿಸಿದರು, ಸಹಿ ನೋಡಿದರು, ನನ್ನನ್ನು ನೋಡಿದರು.

"ಸಹಿ ತುಂಬಾ ನೀಟಾಗಿದೆ," ಎಂದರು. "ನಿಮ್ಮ ಯಜಮಾನರು ಯಾವತ್ತೂ ಇಷ್ಟು ನಿಧಾನವಾಗಿ ಹಾಕಿದವರಲ್ಲ."

ಹಿಂದೆ ಸಾಲು ನಿಂತಿತ್ತು. ಅವರು ಚೆಕ್ಕನ್ನು ಗಾಜಿನ ಕೆಳಗಿನಿಂದ ನನ್ನ ಕಡೆ ತಳ್ಳಿದರು. "ಇದನ್ನ ನಾನು ನೋಡಿಲ್ಲ. ನೀವೂ ತಂದಿಲ್ಲ. ಅಲ್ಲಿ ಬೆಂಚಲ್ಲಿ ಕೂತಿರಿ, ಬರ್ತೀನಿ."

ಜನ ಕರಗಿದ ಮೇಲೆ ಬಂದು ಪಕ್ಕದಲ್ಲಿ ಕೂತರು. ಬೈಯಲಿಲ್ಲ. ಬೈದಿದ್ದರೆ ಅಳುಬಂದು ಹಗುರಾಗುತ್ತಿತ್ತು. ಚೆಕ್ಕು ಯಾರ ಹೆಸರಿಗಿದೆಯೋ ಬೆನ್ನಿಗೆ ಅವರದ್ದೇ ಸಹಿ ಬೀಳಬೇಕು, ಇನ್ನೊಬ್ಬರ ಸಹಿ ಬರೆದರೆ ಜೈಲಿಗೆ ಹೋಗುವ ದಾರಿ, ಗಂಡನದ್ದಾದರೂ ಅಷ್ಟೆ ಎಂದರು. ಗಿರಾಕಿಗಳು ನನ್ನ ಹೆಸರಿಗೆ ಬರೆದುಕೊಟ್ಟರೆ ಯಾವ ತಕರಾರೂ ಇಲ್ಲವಂತೆ: ನನ್ನದೇ ಒಂದು ಖಾತೆ ತೆರೆದು, ಚೆಕ್ಕಿನ ಬೆನ್ನಿಗೆ 'ಖಾತೆಗೆ ಜಮಾ ಮಾತ್ರ' ಎಂದು ಬರೆದು, ಕೆಳಗೆ ಸಹಿ ಹಾಕಿದರಾಯಿತು. ಆಮೇಲೆ ಅದು ದಾರಿಯಲ್ಲಿ ಬಿದ್ದುಹೋದರೂ ಎತ್ತಿಕೊಂಡವರಿಗೆ ದಕ್ಕುವುದಿಲ್ಲ.

ಎದ್ದವರು ಮತ್ತೆ ಕೂತರು. ದನಿ ತಗ್ಗಿಸಿದರು.

"ಜಂಟಿ ಖಾತೆಯಿಂದ ನಿಮ್ಮವರು ಬೇರೆ ಊರಲ್ಲಿ ವಾರವಾರ ಕಾರ್ಡಿನಲ್ಲಿ ತೆಗೀತಿದಾರೆ. ಅದು ನಿಮ್ಮದೂ ಖಾತೆ, ನೀವಾಗಿ ಕೇಳಿದ್ರೆ ನಾನು ಹೇಳಬಹುದು. ಕೇಳ್ತಿದೀರಾ?"

ಕೇಳ್ತಿದೀನಿ ಎಂದೆ.

ಹೆಚ್ಚೇನೂ ಉಳಿದಿಲ್ಲ. ಇಷ್ಟು ದಿನ ಇವರು ಊಟ ಮಾಡಿದ್ದಾರೋ ಇಲ್ಲವೋ ಎಂದು ನಾನೂ ಅತ್ತೆಯೂ ಕೊರಗಿದ್ದೇ ಬಂತು.

ಮನೆಯ ತಿರುವು ದಾಟಿ ಎರಡು ಬೀದಿ ಮುಂದೆ ಹೋದ ಮೇಲೆ ನೆನಪಾಗಿ ವಾಪಸು ಬಂದೆ.

ಫೆಬ್ರವರಿ ೨೪, ಮಂಗಳವಾರ

ಅತ್ತೆಗೆ ಹೇಳಿದೆ. ದುಡ್ಡು ತೆಗೆಯುತ್ತಿರುವ ಮಾತು ಕೇಳುವಾಗ ಅವರು ಕೈಯಲ್ಲಿದ್ದ ಅಂಚನ್ನು ಹಿಡಿದುಕೊಂಡೇ ಇದ್ದರು. ಚೆಕ್ಕುಗಳನ್ನು ನನ್ನ ಹೆಸರಿಗೆ ಬರೆಸಿಕೊಂಡು ಬರುತ್ತೇನೆ ಎಂದದ್ದಕ್ಕೆ ಮಾತ್ರ ಸಿಟ್ಟು ಬಂತು.

"ಯಾಕೆ ಅಂತ ಕೇಳ್ತಾರಲ್ಲ, ಏನು ಹೇಳ್ತೀಯ? ಗಂಡ ಬಿಟ್ಟು ಹೋಗಿದಾನೆ ಅಂತ ಮನೆಮನೆಗೆ ಹೋಗಿ ಸಾರಿಬರ್ತೀಯಾ?"

ಬಿಟ್ಟು ಹೋಗಿದ್ದಾರೆ ಎಂಬ ಮಾತು ಈ ಮನೆಯಲ್ಲಿ ಬಂದದ್ದು ಇದೇ ಮೊದಲು, ಅದೂ ಅತ್ತೆಯ ಬಾಯಿಂದಲೇ. ಆಡಿದ ಮೇಲೆ ಅವರಿಗೂ ಕೇಳಿಸಿತು ಅಂತ ಕಾಣುತ್ತದೆ. ಎದ್ದು ಹಿತ್ತಿಲಿಗೆ ಹೋದರು.

ಅವರು ಹೇಳಿದ್ದು ಸರಿಯಾಗೇ ಇದೆ. ಒಂದೊಂದು ಚೆಕ್ಕಿಗೂ ಒಂದೊಂದು ಸಲ ಹೇಳಬೇಕು. ನನ್ನ ಕೈಲಾಗುವುದಿಲ್ಲ.

ಫೆಬ್ರವರಿ ೨೬, ಗುರುವಾರ

ಖಾತೆ ತೆರೆದೆ. ಸಹಿ ಮಾದರಿಗೆ ಹೆಸರನ್ನೇ ಬರೆದೆ, ಶಾಲೆಯ ಹುಡುಗಿಯ ಹಾಗೆ ಬಿಡಿಬಿಡಿಯಾಗಿ. ನನಗೆ ಬೇರೆ ಸಹಿ ಇಲ್ಲ.

ಮಾರ್ಚ್ ೨, ಸೋಮವಾರ

ಹಲ್ಲಿನ ಡಾಕ್ಟರಮ್ಮನಲ್ಲಿಗೆ ಹೋದೆ. ದಾರಿಯುದ್ದಕ್ಕೂ ಸುಳ್ಳು ಹೊಲಿದುಕೊಂಡು ಹೋಗಿದ್ದೆ: ಇಸ್ತ್ರಿ ಪೆಟ್ಟಿಗೆ ತಗುಲಿ ಚೆಕ್ಕು ಸುಟ್ಟಿತು, ಹೊಸದು ಬೇಕು, ಇವರು ಊರಲ್ಲಿಲ್ಲ, ಸದ್ಯಕ್ಕೆ ನನ್ನ ಹೆಸರಿಗೆ ಕೊಟ್ಟಿರಿ. ನನ್ನ ಸರದಿ ಬರುವ ತನಕ ಬಾಯಿ ಊದಿಸಿಕೊಂಡವರ ನಡುವೆ ಕೂತಿದ್ದೆ. ಕೂತಲ್ಲಿಂದ ತಲೆಯೆತ್ತಿದರೆ ಎದುರಿಗೇ ನಮ್ಮ ಹಸಿರು ಪರದೆ. ನಾನು ಹೊಲಿದದ್ದು ಇನ್ನೊಬ್ಬರ ಕಿಟಕಿಯಲ್ಲಿ ತೂಗುತ್ತಿರುವುದನ್ನು ನಾನು ನೋಡಿದ್ದೇ ಇಲ್ಲ. ಮೇಜಿನ ಮೇಲೆ ಅದು ಬರೀ ಬಟ್ಟೆ, ತೊಡೆಯ ಮೇಲೆ ಭಾರ. ಇಲ್ಲಿ ಗಾಳಿ ಬಂದಾಗ ನೆರಿಗೆಗಳು ಒಂದರ ಹಿಂದೊಂದು ಉಸಿರೆಳೆದುಕೊಂಡ ಹಾಗೆ ಸರಿಯುತ್ತಿದ್ದವು. ಅಸ್ತರು ಒಂದಿಷ್ಟು ಗಿಡ್ಡವಾಗಿದೆ, ಇನ್ನೊಂದು ಬೆರಳು ಬಿಡಬೇಕಿತ್ತು.

ಒಳಗೆ ಹೋದರೆ ಡಾಕ್ಟರಮ್ಮ ನೇರವಾಗಿ ಆ ದೊಡ್ಡ ಕುರ್ಚಿಯಲ್ಲಿ ಕೂರಿಸಿ ದೀಪ ಹಾಕಿ, ಬಾಯಿ ತೆಗೀರಿ ಎಂದರು. ಹಲ್ಲುನೋವಿನವಳೆಂದುಕೊಂಡಿದ್ದಾರೆ. ಬಾಯಿ ತೆಗೆದೆ. ಇಸ್ತ್ರಿ ಪೆಟ್ಟಿಗೆಯ ಕಥೆ ಬರಲಿಲ್ಲ.

"ನನ್ನ ಗಂಡ ಮನೆ ಬಿಟ್ಟು ಹೋಗಿದಾರೆ," ಎಂದೆ. "ಚೆಕ್ಕು ನನ್ನ ಹೆಸರಿಗೆ ಬೇಕಿತ್ತು."

ಅವರು ದೀಪ ಆರಿಸಿದರು. ನಾನು ಯಾರೆಂದು ಹೇಳಿ ಚೀಲದಲ್ಲಿದ್ದ ಹಳೆಯ ಚೆಕ್ಕು ಕೊಟ್ಟ ಮೇಲೆ ಅದನ್ನು ಹರಿದು ಹೊಸದು ಬರೆದರು. ಬೆನ್ನಿಗಿದ್ದ ಸಹಿಯನ್ನು ಅವರು ತಿರುಗಿಸಿ ನೋಡಲಿಲ್ಲ, ಸದ್ಯ. ಕೊಡುವಾಗ, "ಹೊಲೀತಿದ್ದಿದ್ದು ನೀವಾ?" ಎಂದಷ್ಟೇ ಕೇಳಿದರು. ಹಾಗೇ ಬಲಗಡೆ ಹಿಂದಿನ ಹಲ್ಲಿಗೆ ಹುಳುಕು ಹತ್ತಿದೆ, ತಡಮಾಡಬೇಡಿ ಎಂದೂ ಹೇಳಿದರು.

ಮಾರ್ಚ್ ೩, ಮಂಗಳವಾರ

ಬೋರಲು ಹಾಕಿದೆ. 'ಖಾತೆಗೆ ಜಮಾ ಮಾತ್ರ' ಎಂದು ಬರೆದೆ, ನಂಬರು ಬರೆದೆ, ಸಹಿ ಹಾಕಿದೆ. ಬ್ಯಾಂಕಿನ ಮೇಡಂ ಮುದ್ರೆ ಒತ್ತಿ, ಮುಂದಿನವರು ಬನ್ನಿ ಎಂದರು. ಅಷ್ಟೆ. ಇಷ್ಟಕ್ಕೆ ಎಷ್ಟು ದಿನ ಒದ್ದಾಡಿದೆ.

ಮಾರ್ಚ್ ೫, ಗುರುವಾರ

ಮೇಷ್ಟ್ರು ನನ್ನ ಹೆಸರಿಗೆ ಬರೆದುಕೊಡುವುದಿಲ್ಲವಂತೆ. ನಿವೃತ್ತರಾಗಿ ಎಷ್ಟು ಕಾಲವಾಯಿತೋ, ನನ್ನನ್ನು ನಿಲ್ಲಿಸಿ ಪಾಠ ಮಾಡಿದರು. ವ್ಯವಹಾರ ನಡೆದದ್ದು ನನ್ನ ಯಜಮಾನರ ಜೊತೆ, ಒಪ್ಪಂದ ಎಂಬುದಕ್ಕೆ ಒಂದು ಅರ್ಥ ಇದೆ, ನಾಳೆ ಅವರು ಬಂದು ನನ್ನ ದುಡ್ಡೆಲ್ಲಿ ಎಂದರೆ ಯಾರು ಹೊಣೆ. "ಅವರು ಬರಲಿ, ಅವರೇ ಕೇಳಲಿ." ಹಳೆಯ ಚೆಕ್ಕನ್ನು ನನ್ನ ಕೈಗೇ ವಾಪಸು ಇಟ್ಟರು. ಮಾತಾಡುವಷ್ಟು ಹೊತ್ತೂ ನಮ್ಮ ಪರದೆಯ ನೆರಳಲ್ಲಿ ಒರಗುಕುರ್ಚಿಯಲ್ಲಿ ತಣ್ಣಗೆ ಕೂತಿದ್ದರು.

ದಾರಿಯಲ್ಲಿ ಎಷ್ಟೊಂದು ಒಳ್ಳೊಳ್ಳೆಯ ಉತ್ತರ ಹೊಳೆದವು. ಮನೆಗೆ ಬಂದು ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಅತ್ತೆ, ಪಾತ್ರೆ ಏನು ಮಾಡಿತು ನಿನಗೆ ಎಂದರು.

ಮಾರ್ಚ್ ೬, ಶುಕ್ರವಾರ

ಊಟವಾದ ಮೇಲೆ ಏಣಿ ಹೊತ್ತುಕೊಂಡು ಹೊರಟೆ. ಎದುರುಮನೆಯಾಕೆ ಗೇಟಿಗೇ ಬಂದು, ಯಜಮಾನರ ಜ್ವರ ಇಳೀತಾ ಎಂದರು. ಅವರಿಗೆ ಜ್ವರ ಬಂದಿರಲಿಲ್ಲ, ಬೇರೆ ಊರಿಗೆ ಹೋಗಿದಾರೆ, ಯಾವಾಗ ಬರ್ತಾರೋ ಗೊತ್ತಿಲ್ಲ ಎಂದೆ. ಏಣಿ ಹೆಗಲಮೇಲಿದ್ದಾಗ ನಿಂತು ಮಾತಾಡಲಿಕ್ಕೆ ಆಗುವುದಿಲ್ಲ, ಅದೊಂದು ಅನುಕೂಲ.

ಮೇಷ್ಟ್ರು ಒರಗುಕುರ್ಚಿಯಲ್ಲೇ ಇದ್ದರು. ಪರದೆ ಬಿಚ್ಚಿಕೊಂಡು ಹೋಗಲು ಬಂದಿದ್ದೇನೆ, ಯಜಮಾನರು ಬಂದ ಮೇಲೆ ಅವರ ಕೈಲೇ ಹಾಕಿಸಿಕೊಳ್ಳಿ ಎಂದೆ. ಇದು ಸರಿಯಲ್ಲ ಎಂದರು. ನಾನು ಏಣಿ ನಿಲ್ಲಿಸಿ ಹತ್ತಿದೆ. ಇಷ್ಟು ಎತ್ತರ ಹತ್ತಿದ್ದು ಮೊದಲ ಸಲ. ಕೆಳಗೆ ನೋಡದಿದ್ದರೆ ಏನೂ ಅನ್ನಿಸುವುದಿಲ್ಲ. ಒಂದೊಂದೇ ಕೊಕ್ಕೆ ಬಿಚ್ಚುತ್ತ ಬಂದೆ, ಬಿಸಿಲು ಒಂದೊಂದೇ ಗೇಣು ಒಳಗೆ ಬಂದು ಮೇಷ್ಟ್ರ ಮೊಣಕಾಲು, ಹೊಟ್ಟೆ, ಗದ್ದ, ಕೊನೆಗೆ ಕಣ್ಣಿನ ಮೇಲೆ ಕೂತಿತು. ಅವರು ಕುರ್ಚಿ ಸರಿಸಿದರು. ಬಿಸಿಲೂ ಸರಿಯಿತು.

ಒಳಗಿನಿಂದ ಅವರ ಹೆಂಡತಿ ಬಂದರು. ನಿನ್ನೆ ಈ ಮನೆಯಲ್ಲಿ ಅವರಿದ್ದದ್ದೇ ನನಗೆ ಗೊತ್ತಾಗಿರಲಿಲ್ಲ. ಚೆಕ್ ಪುಸ್ತಕವನ್ನೂ ಪೆನ್ನನ್ನೂ ಗಂಡನ ತೊಡೆಯ ಮೇಲಿಟ್ಟರು.

"ಬರೀರಿ. ದಿನಾ ಈ ಬಿಸಿಲಲ್ಲಿ ಕೂರೋಕೆ ನನ್ನ ಕೈಲಾಗಲ್ಲ."

ಮೇಷ್ಟ್ರು ಬರೆದರು. ಸುಂದರವಾದ ಅಕ್ಷರ, ಅದನ್ನು ಹೇಳಲೇಬೇಕು. ನಾನು ಪರದೆಯನ್ನು ಮತ್ತೆ ಸಿಕ್ಕಿಸಿದೆ. ಮೊದಲು ಹಾಕಿದವರು ನಡುವಿನ ಕೊಕ್ಕೆಗಳನ್ನು ಒಂದು ಬಿಟ್ಟು ಒಂದು ಹಾಕಿದ್ದರು, ಹಾಗಾಗಿ ಮೇಲಂಚು ಜೋತುಬಿದ್ದಿತ್ತು. ಎಲ್ಲವನ್ನೂ ಹಾಕಿದೆ. ಈಗ ನೆಟ್ಟಗೆ ನಿಂತಿದೆ.

ಮಾರ್ಚ್ ೧೧, ಬುಧವಾರ

ಬಟ್ಟೆ ಅಂಗಡಿಯವರಿಗೆ ಕೊಟ್ಟು ಲಾಡ್ಜಿಗೆ ಬೇಕಾದ ಬಟ್ಟೆ ತಂದೆ. ಕತ್ತರಿಸುವ ಮೊದಲು ಅಳತೆ ಇನ್ನೊಮ್ಮೆ ನೋಡಿಬಿಡೋಣವೆಂದು ಲಾಡ್ಜಿಗೆ ಹೋದೆ. ಹೋದದ್ದು ಒಳ್ಳೆಯದಾಯಿತು, ಮೇಲಿನ ಅಂತಸ್ತಿನ ಕಿಟಕಿಗಳು ಕೆಳಗಿನವಕ್ಕಿಂತ ಗಿಡ್ಡ. ಅವರು ಮೊದಲು ಅಳೆದು ಬರೆದುಕೊಂಡದ್ದರಲ್ಲಿ ಎಲ್ಲವೂ ಒಂದೇ ಎಂದಿತ್ತು.

ಲಾಡ್ಜಿನ ಯಜಮಾನರು ಟೀ ತರಿಸಿದರು. ಆಮೇಲೆ ಬೀಗದಕೈಗಳ ಹಲಗೆ ನೋಡುತ್ತ ಹೇಳಿದರು: ನಿಮ್ಮ ಯಜಮಾನರು ಫೋನು ಮಾಡಿದ್ದರು. ಕೆಲಸ ಮುಗಿದ ಮೇಲೆ ಚೆಕ್ಕನ್ನು ಮನೆಗೆ ಕಳಿಸಬೇಡಿ, ನಾನೇ ಬಂದು ಕೈಯಲ್ಲಿ ತಗೋತೀನಿ ಅಂದರು.

ನನಗೆ ಬಾರದ ಫೋನು ಲಾಡ್ಜಿಗೆ ಬಂದಿದೆ.

ಕೆಲಸ ನನ್ನದು, ಚೆಕ್ಕು ನನ್ನ ಹೆಸರಿಗೇ ಬೇಕು ಎಂದೆ. ಅವರು ತಲೆ ಕೆರೆದುಕೊಂಡರು. "ನೋಡಿ, ಮಾತಾಡಿದ್ದು ಅವರು, ಹೊಲಿಯೋರು ನೀವು. ಗಂಡ ಹೆಂಡತಿ ಮಧ್ಯೆ ನನ್ನ ಯಾಕೆ ಸಿಕ್ಕಿಸ್ತೀರಾ? ಕೆಲಸ ಮುಗೀಲಿ, ನೋಡೋಣ."

ನೋಡೋಣ ಎಂಬ ಮಾತನ್ನು ನಂಬಿ ಇಷ್ಟು ಬಟ್ಟೆಗೆ ಕತ್ತರಿ ಹಾಕಬೇಕೇ?

ಸಂಜೆಯೇ ಹಾಕಿದೆ. ಸುಮ್ಮನೆ ಕೂರಲು ಆಗಲಿಲ್ಲ.

ಮಾರ್ಚ್ ೧೪, ಶನಿವಾರ

ಲಾಡ್ಜಿಗೆ ಬಂದ ಫೋನಿನ ವಿಷಯ ಅತ್ತೆಗೆ ಹೇಳಬಾರದೆಂದುಕೊಂಡಿದ್ದೆ. ಮೂರು ದಿನ ಬಾಯಿ ಕಟ್ಟಿಕೊಂಡು ಇವತ್ತು ಕಕ್ಕಿಬಿಟ್ಟೆ. ಅತ್ತೆ ಕೈ ನಿಲ್ಲಿಸದೆ ಹೊಲಿಯುತ್ತಿದ್ದರು. ಬಹಳ ಹೊತ್ತಾದ ಮೇಲೆ ನೋಡಿದರೆ ಅಂಚನ್ನು ತಮ್ಮ ಉಡುಪಿಗೇ ಸೇರಿಸಿ ಹೊಲಿದುಕೊಂಡಿದ್ದಾರೆ. ಇಬ್ಬರೂ ಕೂತು ಬಿಚ್ಚಿದೆವು. ನಗು ಬಂತು, ತಡೆಯಲಾಗಲಿಲ್ಲ, ಅವರಿಗೂ ಬಂತು. ಆಮೇಲೆ ಅವರು ಕಣ್ಣು ಒರೆಸಿಕೊಂಡದ್ದು ನಗುವಿಗೇ ಇರಲಾರದು.

"ಲಾಡ್ಜಿಗೆ ಯಾವತ್ತು ಹೋಗೋದು?" ಎಂದರು. "ನಾನೂ ಬರ್ತೀನಿ."

ಮಾರ್ಚ್ ೧೯, ಗುರುವಾರ

ಪರದೆಗಳನ್ನು ಬಾಡಿಗೆ ಗಾಡಿಯಲ್ಲಿ ಹೇರಿಕೊಂಡು ಬೆಳಿಗ್ಗೆಯೇ ಹೋದೆವು. ನಾನು ಏಣಿಯ ಮೇಲೆ, ಅತ್ತೆ ಕೆಳಗೆ ಕೊಕ್ಕೆ ಕೊಡುತ್ತ. ಕೋಣೆಯಿಂದ ಕೋಣೆಗೆ ಹೋದಾಗೆಲ್ಲ ಅತ್ತೆ ಮಂಚದ ಮೇಲೆ ಕೂತು, ಎರಡು ಸಲ ಕುಪ್ಪಳಿಸಿ ನೋಡಿ, ಹಾಸಿಗೆ ಗಟ್ಟಿ, ಹಾಸಿಗೆ ಮೆತ್ತಗೆ ಎಂದು ತೀರ್ಪು ಕೊಡುತ್ತಿದ್ದರು. ಲಾಡ್ಜಿನ ಕೆಲಸದವರು ಅವರನ್ನು ಯಜಮಾನರ ತಾಯಿ ಎಂದುಕೊಂಡು ನೀರು ತಂದುಕೊಟ್ಟರು.

ಮಧ್ಯಾಹ್ನ ಕಳೆದು ಮುಗಿಯಿತು. ಕೆಳಗೆ ಬಂದು ಯಜಮಾನರ ಮೇಜಿನ ಮುಂದೆ ನಿಂತೆವು. ಅವರು ಚೆಕ್ ಪುಸ್ತಕ ತೆಗೆದರು, ಪೆನ್ನು ತೆರೆದರು, ಮತ್ತೆ ಮುಚ್ಚಿದರು. ನಿಮ್ಮ ಮನೆಯವರಿಗೆ ಒಂದು ಮಾತು ಕೇಳಿಬಿಡುತ್ತೇನೆ ಎಂದು ಫೋನಿಗೆ ಕೈ ಹಾಕಿದರು. ಅತ್ತೆ ಮುಂದೆ ಬಂದರು.

"ಅವನು ನನ್ನ ಮಗ," ಎಂದರು. ದನಿ ಏರಿಸಲಿಲ್ಲ. "ನಾನೇ ಹೆತ್ತಿದ್ದು. ಈ ಬಟ್ಟೆಗೆ ಅವನ ಕೈ ತಾಗಿಲ್ಲ. ಹೊಲಿದಿದ್ದು ಇವಳು, ಅಂಚು ನಂದು. ಇವಳ ಹೆಸರಿಗೆ ಬರೀರಿ."

"ಅವರು ಬಂದು ನನ್ನ ಕೇಳಿದ್ರೆ ಏನು ಹೇಳಲಮ್ಮ?"

"ನನ್ನ ಹತ್ರ ಕಳಿಸಿ."

ಅವರು ಬರೆದರು. ನಾನು ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದೆ. ಅಲ್ಲೇ ಮೇಜಿನ ಮೇಲೆ ಚೆಕ್ಕನ್ನು ಬೋರಲು ಹಾಕಿ, 'ಖಾತೆಗೆ ಜಮಾ ಮಾತ್ರ' ಎಂದು ಬರೆದು ಸಹಿ ಹಾಕಿಯೇ ಎದ್ದೆ. ಬ್ಯಾಂಕು ಮುಚ್ಚುವ ಮೊದಲು ತಲುಪಿದೆವು.

ಮನೆಗೆ ಬಂದವರು ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಊಟ ಬೇಡ ಎಂದರು. ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತೆ. ನಾನು ಗೆದ್ದ ಹಾಗೆ ಏನೂ ಅನ್ನಿಸುತ್ತಿಲ್ಲ. ಅವರ ಕಾಲು ಒತ್ತಿದೆ, ಬೇಡ ಅನ್ನಲಿಲ್ಲ.

ಏಪ್ರಿಲ್ ೨, ಗುರುವಾರ

ಬರೆಯಲು ಪುರುಸೊತ್ತಿಲ್ಲ. ಲಾಡ್ಜಿನಲ್ಲಿ ನೋಡಿದವರೊಬ್ಬರು ತಮ್ಮ ಕಚೇರಿಗೆ ಕೇಳಿದ್ದಾರೆ. ಔಷಧಿ ಅಂಗಡಿಯವರ ಹೊಸ ಮನೆಯಲ್ಲಿ ಮೂಲೆ ತಿರುಗುವ ಕಿಟಕಿ ಇದೆಯಂತೆ, ಪರದೆ ತೂಗುವ ಸರಳನ್ನು ಬಗ್ಗಿಸಬೇಕೋ ಎರಡು ಸರಳು ಕೂಡಿಸಬೇಕೋ ತಿಳಿಯುತ್ತಿಲ್ಲ. ತಲೆಯಲ್ಲಿ ಅದೇ ಸುತ್ತುತ್ತಿದೆ. ಊಟ ಮಾಡುವಾಗ ತಟ್ಟೆಯ ಅಂಚಿಗೆ ದಾರ ಸುತ್ತಿ ನೋಡಿದೆ. ಹಲ್ಲಿಗೆ ತುಂಬಿಸಿಕೊಂಡದ್ದು ಇನ್ನೂ ಸ್ವಲ್ಪ ನೋಯುತ್ತಿದೆ.

ಏಪ್ರಿಲ್ ೬, ಸೋಮವಾರ

ಬೂದು ಬಣ್ಣದ ಬಟ್ಟೆ ಸಾಲುವುದಿಲ್ಲ, ಇನ್ನೊಂದು ಥಾನು ಹೇಳಬೇಕು. ಅದೇ ಬಣ್ಣ ಸಿಗದಿದ್ದರೆ ಕಚೇರಿಯವರಿಗೆ ಮೊದಲೇ ತಿಳಿಸುವುದು ವಾಸಿ.

ಇವತ್ತು ಅವರು ಬಂದರು. ಹೊಲಿಗೆಯ ಗೆರೆ ಅರ್ಧಕ್ಕೆ ಬಂದಿತ್ತು, ಮುಗಿಸಿ ಎದ್ದೆ. ಗಡ್ಡ ಬಿಟ್ಟಿದ್ದಾರೆ, ಅಂಗಿಯ ಕಾಲರು ಹರಿದಿದೆ. ಮೊದಲು ಲಾಡ್ಜಿಗೆ ಹೋಗಿ ಬಂದಿದ್ದಾರೆ. ಅಲ್ಲಿ, ನಿಮ್ಮ ತಾಯಿಯ ಹತ್ತಿರ ಹೋಗಿ ಎಂದರಂತೆ. ಅತ್ತೆ ತಟ್ಟೆ ಹಾಕಿ ಬಡಿಸಿದರು, ಎದುರಿಗೆ ಕೂರಲಿಲ್ಲ, ಏನೂ ಕೇಳಲಿಲ್ಲ. ಅವರೇ ಹೇಳಿದರು: ಸ್ನೇಹಿತನ ಮಾತೆಲ್ಲ ಬರೀ ಮಾತು, ಪಾಲುದಾರ ಎಂದು ಕರೆದು ಸಾಮಾನು ಹೊರಿಸುತ್ತಿದ್ದ, ಕೈಯಲ್ಲಿದ್ದದ್ದು ಮುಗಿದ ಮೇಲೆ ಮುಖ ಕೊಟ್ಟು ಮಾತಾಡಲಿಲ್ಲ.

ಕೈ ತೊಳೆದು ಬಂದು ಮೇಜಿನ ಹತ್ತಿರ ನಿಂತರು. ಬ್ಯಾಂಕಿಗೆ ಹೋಗಬೇಕಾದ ಎರಡು ಚೆಕ್ಕು ಅಲ್ಲಿದ್ದವು. ಅಭ್ಯಾಸಬಲ, ಕುರ್ಚಿ ಎಳೆದುಕೊಂಡು ಪೆನ್ನು ತೆಗೆದು ಒಂದನ್ನು ಬೋರಲು ಹಾಕಿದರು. ಬೆನ್ನಿಗೆ ಸಹಿ ಬಿದ್ದಾಗಿತ್ತು. ತಿರುಗಿಸಿ ಮುಂಬದಿ ಓದಿದರು. ಇನ್ನೊಂದನ್ನೂ ಓದಿದರು.

"ನನ್ನ ಒಂದು ಮಾತು ಕೇಳಬಹುದಿತ್ತು."

"ಫೋನು ಎತ್ತಿದ್ರೆ ಕೇಳ್ತಿದ್ದೆ."

ಪೆನ್ನಿನ ಮುಚ್ಚಳ ಹಾಕಿದರು. ಬೀದಿಯಲ್ಲಿ ಯಾರೋ ತರಕಾರಿಗೆ ಚೌಕಾಸಿ ಮಾಡುತ್ತಿದ್ದರು.

"ನಾನು ಇರಲಾ, ಹೋಗಲಾ?" ಎಂದರು.

ಇದಕ್ಕೆ ಹೇಳಬೇಕೆಂದು ಎಷ್ಟೋ ಮಾತು ಕೂಡಿಟ್ಟುಕೊಂಡಿದ್ದೆ. ನಾಳೆ ಬೆಳಿಗ್ಗೆ ಔಷಧಿ ಅಂಗಡಿಯವರ ಮನೆಯಲ್ಲಿ ಅಳತೆ ಇದೆ, ನೆಲ ನುಣುಪಾದ ಕಲ್ಲು, ಏಣಿ ಜಾರುತ್ತದೆ, ಇರುವುದಾದರೆ ಬಂದು ಹಿಡಿದುಕೊಳ್ಳಿ ಎಂದೆ.

ಮುಂದಿನ ಕೋಣೆಯಲ್ಲಿ ಥಾನುಗಳ ಪಕ್ಕ ಹಾಸಿಕೊಳ್ಳುತ್ತೇನೆ ಎಂದರು. ಹೂಂ ಎಂದೆ.

ಏಪ್ರಿಲ್ ೭, ಮಂಗಳವಾರ

ಎರಡು ಸರಳು ಕೂಡಿಸುವುದೇ ಸರಿ. ಮೂಲೆಯಲ್ಲಿ ಒಂದು ದುಂಡನೆಯ ಗುಬುಟು ಹಾಕಿದರೆ ಕೂಡಿದ್ದು ಕಾಣುವುದಿಲ್ಲ. ನೋಡಿದ ತಕ್ಷಣ ಹೊಳೆಯಿತು, ಸುಮ್ಮನೆ ಐದು ದಿನ ತಲೆ ಕೆಡಿಸಿಕೊಂಡಿದ್ದೆ.

ಏಣಿಯನ್ನು ಅವರೇ ಹೊತ್ತು ತಂದರು. ಎದುರುಮನೆಯಾಕೆ ಬಾಗಿಲಲ್ಲಿ ನಿಂತೇ ಇದ್ದರು, ಅವರು ತಲೆ ತಗ್ಗಿಸಿಕೊಂಡು ನಡೆದರು. ನಾನು ಹತ್ತಿದೆ, ಅವರು ಕೆಳಗೆ ಎರಡೂ ಕೈಯಲ್ಲಿ ಹಿಡಿದು ನಿಂತರು. ಹೇಳಿದ ಅಳತೆಯನ್ನೆಲ್ಲ ಕೇಳಿ ತಿರುಗಿ ಹೇಳಿ ಬರೆದುಕೊಂಡರು. ಇರುತ್ತಾರೋ ಹೋಗುತ್ತಾರೋ ನನಗೆ ಗೊತ್ತಿಲ್ಲ. ಅತ್ತೆಯೂ ಕೇಳಿಲ್ಲ.

ನಾನು ಇನ್ನೂ ಮೇಲಿದ್ದಾಗಲೇ ಔಷಧಿ ಅಂಗಡಿಯವರು ಮುಂಗಡ ಕೊಡಲು ಚೆಕ್ ಪುಸ್ತಕ ಹಿಡಿದು ಬಂದರು. ಯಾರ ಹೆಸರಿಗೆ ಬರೀಲಿ ಎಂದು ಕೇಳಿದ್ದು ಅವರನ್ನು. ಟೇಪಿನ ತುದಿ ನನ್ನ ಹಲ್ಲಿನ ನಡುವೆ ಇತ್ತು, ಎರಡೂ ಕೈ ಸರಳಿನ ಮೇಲೆ. ಮಾತಾಡುವ ಹಾಗಿರಲಿಲ್ಲ. ಮೇಲಿಂದ ಅವರ ನೆತ್ತಿ ಮಾತ್ರ ಕಾಣುತ್ತಿತ್ತು. ಅಲ್ಲಿ ಕೂದಲು ತೆಳ್ಳಗಾಗಿದೆ.

ಸ್ವಲ್ಪ ತಡೆದು ನನ್ನ ಹೆಸರು ಹೇಳಿದರು. ಪೂರ್ತಿಯಾಗಿ. ಮದುವೆಯಾದಾಗಿನಿಂದ ಬೇರೆಯವರ ಎದುರು ನಾನು ಬರೀ ಮನೆಯವಳು. ಅವರ ಬಾಯಲ್ಲಿ ನನ್ನ ಹೆಸರು ಹೀಗೆ ಬಂದದ್ದನ್ನು ನಾನು ಕೇಳಿರಲಿಲ್ಲ. ಅಭ್ಯಾಸವಿಲ್ಲದ ಮಾತಿನ ಹಾಗೆ ಕೊಂಚ ತೊದಲಿದರು.

ಔಷಧಿ ಅಂಗಡಿಯವರು ಏಣಿಯ ಮೆಟ್ಟಿಲ ಮೇಲೇ ಪುಸ್ತಕ ಇಟ್ಟು ಬರೆದರು. ಅವರು ಏಣಿಯಿಂದ ಕೈ ತೆಗೆಯದೆ ಕುತ್ತಿಗೆಯಷ್ಟೇ ಬಗ್ಗಿಸಿ ಓದಿದರು.

"ಕೊನೆ ಅಕ್ಷರಕ್ಕೆ ದೀರ್ಘ ಬೇಕು," ಎಂದರು. "ಇಲ್ಲಾಂದ್ರೆ ಅವಳ ಸಹಿಗೆ ತಾಳೆಯಾಗಲ್ಲ."